ಮೇವಿನ ದಾರಿ: ಓಪಿಯಾಂಗೊ ರಸ್ತೆಯಲ್ಲಿ ಐದು ದಿನ

ಕೆನಡಾದ ಒಟ್ಟಾವಾ ನದಿ ಕಣಿವೆಯ ಚರಿತ್ರೆ ಹೇಳುವವರು ಬಿಳಿ ಪೈನ್ ಮರದಿಂದಲೇ ಶುರು ಮಾಡುತ್ತಾರೆ. 1806ರಲ್ಲಿ ಫಿಲೆಮನ್ ರೈಟ್ ಮೊದಲ ತೆಪ್ಪ ಕಟ್ಟಿ ಕ್ವಿಬೆಕ್‌ವರೆಗೆ ತೇಲಿಸಿಕೊಂಡು ಹೋದದ್ದು, ಬ್ರಿಟನ್ನಿನ ಹಡಗುಕಟ್ಟೆಗಳಿಗೆ ಚೌಕ ತೊಲೆಗಳು ಹೋದದ್ದು, ಮರದ ದೊರೆಗಳು ಅರಮನೆ ಕಟ್ಟಿದ್ದು, ಇದೆಲ್ಲ ಅಲ್ಲಿನ ಪ್ರತಿ ಫಲಕದ ಮೇಲೂ ಇದೆ. ಆದರೆ ಆ ತೊಲೆಗಳನ್ನು ಕಾಡಿನಿಂದ ಹೊಳೆಯ ದಡಕ್ಕೆ ಎಳೆದದ್ದು ಎತ್ತು ಮತ್ತು ಕುದುರೆ. ಅವುಗಳ ಹೊಟ್ಟೆ ತುಂಬಿಸಿದ್ದು ಕಲ್ಲುನೆಲದಲ್ಲಿ ಓಟ್ಸ್ ಬಿತ್ತಿ, ಹುಲ್ಲು ಕೊಯ್ದು, ಹಿಮದ ಮೇಲೆ ಜಾರುಬಂಡಿಯಲ್ಲಿ ಹೇರಿಕೊಂಡು ಹೋದ ರೈತ. ಈ ಪ್ರವಾಸ ಆ ರೈತನ ದಾರಿ ಹಿಡಿದು ಹೋಗುತ್ತದೆ. ದಾರಿಯ ಹೆಸರು ಓಪಿಯಾಂಗೊ ಲೈನ್.

ಹೋಗಲು ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ. ಮೇಪಲ್ ಎಲೆ ಕೆಂಪಾಗುವ ಸೊಬಗಿನ ಜೊತೆಗೆ ಇನ್ನೊಂದು ಲಾಭವಿದೆ. ಎಲೆ ಉದುರಲು ತೊಡಗಿದಾಗ ಕಾಡು ನುಂಗಿದ ಹಳೆಯ ಹೊಲಗಳ ಬೇಲಿ, ಕಲ್ಲುಗುಡ್ಡೆ, ಕುಸಿದ ಕೊಟ್ಟಿಗೆ ರಸ್ತೆಯಿಂದಲೇ ಕಾಣುತ್ತವೆ. ಮೇ, ಜೂನ್ ತಿಂಗಳಲ್ಲಿ ಕಪ್ಪು ನೊಣದ ಕಾಟಕ್ಕೆ ಕಾರಿನಿಂದ ಇಳಿಯುವುದೇ ಕಷ್ಟ.

ಮೊದಲನೆಯ ದಿನ: ಒಟ್ಟಾವಾದಿಂದ ರೆನ್‌ಫ್ರೂ

ಒಟ್ಟಾವಾ ನಗರದಿಂದ ಪಶ್ಚಿಮಕ್ಕೆ ಸುಮಾರು 65 ಕಿ.ಮೀ. ಹೋದರೆ ಆರ್ನ್‌ಪ್ರೈಯರ್. ಮ್ಯಾಡವಾಸ್ಕಾ ನದಿ ಒಟ್ಟಾವಾ ನದಿಗೆ ಸೇರುವ ಜಾಗ ಇದು. ಮೆಕ್‌ಲಾಕ್ಲಿನ್ ಮನೆತನದ ಗರಗಸದ ಗಿರಣಿಗಳು ಇಲ್ಲಿದ್ದವು. ಹೆದ್ದಾರಿ ಬಿಟ್ಟು ನದಿಯ ಪಕ್ಕದ ಹಳೆಯ ರಸ್ತೆ ಹಿಡಿದರೆ ಕ್ಯಾಸಲ್‌ಫರ್ಡ್ ಬಳಿ ಫ್ಯಾರೆಲ್ಸ್ ಲ್ಯಾಂಡಿಂಗ್ ಸಿಗುತ್ತದೆ. ನದಿ ಇಲ್ಲಿ ಕೆರೆಯಂತೆ ಅಗಲವಾಗಿದೆ. ಉಗಿದೋಣಿಯಿಂದ ಇಳಿದ ಕುಟುಂಬಗಳು ತಮ್ಮ ಪೆಟ್ಟಿಗೆ, ಕೊಡಲಿ, ಆಲೂಗಡ್ಡೆ ಬೀಜದ ಚೀಲ ಸಮೇತ ಓಪಿಯಾಂಗೊ ರಸ್ತೆಗೆ ಕಾಲಿಟ್ಟದ್ದು ಇಲ್ಲಿಂದಲೇ. ನೋಡಲು ಹೆಚ್ಚೇನಿಲ್ಲ. ಆದರೂ ಇಲ್ಲಿಂದ ಹೊರಡದಿದ್ದರೆ ಮುಂದಿನ ಏರಿನ ಅಂದಾಜು ಸಿಗುವುದಿಲ್ಲ.

ರಾಬರ್ಟ್ ಬೆಲ್ 1850ರ ದಶಕದ ಆರಂಭದಲ್ಲಿ ಈ ದಾರಿಯ ಸರ್ವೆ ಮಾಡಿದ. 1854ರ ಹೊತ್ತಿಗೆ ಕೆಲಸ ಶುರುವಾಯಿತು. ಓಪಿಯಾಂಗೊ ಸರೋವರ ಮುಟ್ಟಿ, ಅಲ್ಲಿಂದ ಹ್ಯೂರನ್ ಸರೋವರದ ಜಾರ್ಜಿಯನ್ ಕೊಲ್ಲಿಯವರೆಗೆ ಒಯ್ಯುವುದು ಸರ್ಕಾರದ ಯೋಜನೆಯಾಗಿತ್ತು. ರಸ್ತೆ ಅಷ್ಟು ದೂರ ಹೋಗಲೇ ಇಲ್ಲ, ಬ್ಯಾರಿಸ್ ಬೇ ಆಚೀಚೆ ನಿಂತುಹೋಯಿತು. ಜೌಗು ಇದ್ದಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಅದರ ಮೇಲೇ ಗಾಡಿ ಹೊಡೆಯುತ್ತಿದ್ದರು. ದಿಮ್ಮಿ ಕೊಳೆತು ನಡುವೆ ಸಂದಿ ಬಿದ್ದರೆ ಕುದುರೆಯ ಕಾಲು ಸಿಕ್ಕಿ ಮುರಿಯುತ್ತಿತ್ತು. ಹಾಗಾಗಿ ಭಾರದ ಸಾಗಾಣಿಕೆಯೆಲ್ಲ ನೆಲ ಹೆಪ್ಪುಗಟ್ಟಿ ಹಿಮ ಬಿದ್ದ ಮೇಲೆಯೇ.

ಸಂಜೆಗೆ ರೆನ್‌ಫ್ರೂ. ಬಾನ್‌ಶೇರ್ ನದಿಯ ಐದು ಧುಮುಕುಗಳಲ್ಲಿ ಎರಡನೆಯದರ ಪಕ್ಕದಲ್ಲಿ 1855ರಲ್ಲಿ ಜಾನ್ ಲಾರ್ನ್ ಮೆಕ್‌ಡೂಗಲ್ ಕಟ್ಟಿಸಿದ ಕಲ್ಲಿನ ಹಿಟ್ಟಿನ ಗಿರಣಿ ಈಗ ಊರ ವಸ್ತುಸಂಗ್ರಹಾಲಯ. ಗಿರಣಿ ಹತ್ತಿರವಿದೆಯೇ ಎಂಬುದೇ ರೈತನ ಮೊದಲ ಪ್ರಶ್ನೆಯಾಗಿತ್ತು. ಅಪ್ಪರ್ ಕೆನಡಾದಲ್ಲಿ (ಇಂದಿನ ದಕ್ಷಿಣ ಒಂಟಾರಿಯೊ) 1792ರಿಂದ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಗಿರಣಿಯವನು ಬೀಸಿದ ಕಾಳಿನ ಹನ್ನೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೂಲಿ ಹಿಡಿಯುವಂತಿರಲಿಲ್ಲ. ಹಿಟ್ಟು ಪೀಪಾಯಿಯಲ್ಲಿ ಹೋಗುತ್ತಿತ್ತು. ಒಂದು ಪೀಪಾಯಿಗೆ 196 ಪೌಂಡ್, ಅಂದರೆ ಸುಮಾರು 89 ಕೆಜಿ. ಉಪ್ಪು ಹಾಕಿದ ಹಂದಿಮಾಂಸದ ಪೀಪಾಯಿ 200 ಪೌಂಡ್.

ಎರಡನೆಯ ದಿನ: ಡೇಕರ್ ಏರು, ಸುಟ್ಟ ನೆಲ, ಓಟ್ಸ್

ರೆನ್‌ಫ್ರೂದಿಂದ 132ನೇ ಹೆದ್ದಾರಿಯಲ್ಲಿ ಡೇಕರ್‌ವರೆಗೆ ಅರ್ಧ ಗಂಟೆಯ ದಾರಿ. ಅಲ್ಲಿಯತನಕ ಜೇಡಿಮಣ್ಣಿನ ಹಸನಾದ ಹೊಲಗಳು. ಡೇಕರ್ ದಾಟಿ ಓಪಿಯಾಂಗೊ ರಸ್ತೆಗೆ ತಿರುಗಿದ ಕೂಡಲೇ ನೆಲದ ಗುಣವೇ ಬದಲಾಗುತ್ತದೆ. ಇದು ಕೆನಡಿಯನ್ ಶೀಲ್ಡ್ ಎಂಬ ಪುರಾತನ ಬಂಡೆಯ ಅಂಚು. ಬಂಡೆಯ ಮೇಲೆ ಹಿಮನದಿ ಬಿಟ್ಟುಹೋದ ಮರಳು ಮತ್ತು ಉರುಟುಕಲ್ಲು, ಅದರ ಮೇಲೆ ಗೇಣುದ್ದದ ಎಲೆಗೊಬ್ಬರ. ಕಾಡು ಸೊಂಪಾಗಿ ಬೆಳೆದದ್ದನ್ನು ಕಂಡು ನೆಲವೂ ಫಲವತ್ತಾಗಿರಬೇಕೆಂದು ಬಂದವರು ನಂಬಿದರು. ನಂಬಿಸಿದವರೂ ಇದ್ದರು. ಈ ರಸ್ತೆಯ ಸರ್ಕಾರಿ ಏಜೆಂಟ್ ಟಿ. ಪಿ. ಫ್ರೆಂಚ್ 1857ರಲ್ಲಿ ವಲಸೆಗಾರರಿಗೆಂದು ಒಂದು ಕಿರುಹೊತ್ತಗೆಯನ್ನೇ ಹೊರತಂದ.

ಷರತ್ತುಗಳು ಹೀಗಿದ್ದವು: ಹದಿನೆಂಟು ದಾಟಿದವನಿಗೆ 100 ಎಕರೆ ಉಚಿತ, ಒಂದು ತಿಂಗಳೊಳಗೆ ನೆಲದ ಮೇಲೆ ಬಂದು ಕೂರಬೇಕು, ನಾಲ್ಕು ವರ್ಷದಲ್ಲಿ 12 ಎಕರೆ ಕಾಡು ಕಡಿದು ಬೆಳೆ ತೆಗೆಯಬೇಕು, 20 ಅಡಿಗೆ 18 ಅಡಿಯ ಮನೆ ಕಟ್ಟಬೇಕು. ಓದಲು ಸುಲಭ. ಕೊಡಲಿ ಹಿಡಿದವನಿಗೆ ಈ 12 ಎಕರೆ ಎಂದರೆ ಏನೆಂದು ತಿಳಿಯಲು ಕೆಲಸದ ಕ್ರಮ ಗೊತ್ತಿರಬೇಕು.

ಹಿಮ ಬೀಳುವ ಮೊದಲೇ ಪೊದೆ, ಎಳೆಮರ ಸವರಿ ಗುಡ್ಡೆ ಹಾಕಬೇಕು. ಹಿಮ ಬಿದ್ದ ಮೇಲೆ ಮಾಡಲು ಹೋದರೆ ಬುಡಕ್ಕೆ ಕೊಡಲಿ ತಾಗದೆ ಮೊಣಕಾಲೆತ್ತರದ ಮೋಟುಗಳು ಉಳಿದು ಮುಂದೆ ಕುಡುಗೋಲಿನ ಬಾಯಿ ಮುರಿಯುತ್ತವೆ. ಚಳಿಗಾಲದಲ್ಲಿ ದೊಡ್ಡ ಮರ ಉರುಳಿಸುವುದು. ಸಾಧ್ಯವಾದಷ್ಟೂ ಒಂದರ ಮೇಲೊಂದು ಬೀಳುವ ಹಾಗೆ ಸಾಲಾಗಿ. ಬಿದ್ದದ್ದನ್ನು ಹತ್ತರಿಂದ ಹದಿನಾಲ್ಕು ಅಡಿಯ ತುಂಡು ಮಾಡಬೇಕು, ಇಲ್ಲವಾದರೆ ಎತ್ತು ಎಳೆಯಲಾರದು. ವಸಂತದಲ್ಲಿ ನಾಲ್ಕಾರು ದಿನ ಒಣ ಗಾಳಿ ಬೀಸಿದ ಮೇಲೆ ಬೆಂಕಿ. ಅವಸರಪಟ್ಟು ಹಸಿಯಾಗಿರುವಾಗ ಹಚ್ಚಿದರೆ ಎಲೆ, ಕಡ್ಡಿ ಮಾತ್ರ ಉರಿದು ದಿಮ್ಮಿಗಳು ಕರಿಹಿಡಿದು ಉಳಿಯುತ್ತವೆ. ಮತ್ತೆ ಹೊತ್ತಿಸಲು ಕಿರುಸೌದೆಯೇ ಇರುವುದಿಲ್ಲ. ತಡಮಾಡಿ ಬಿರುಬೇಸಿಗೆಯಲ್ಲಿ ಹಚ್ಚಿದರೆ ಇನ್ನೂ ಕೆಡುಕು: ಬೆಂಕಿ ಎಲೆಗೊಬ್ಬರದ ಪದರವನ್ನೇ ತಿಂದು ಬಂಡೆ ತೇಲುತ್ತದೆ. ಈ ರಸ್ತೆಯ ಎಷ್ಟೋ ಹೊಲಗಳು ಬೆಳೆ ಕಾಣುವ ಮೊದಲೇ ಹೀಗೆ ಕೆಟ್ಟವು. ಉಳಿದ ದಿಮ್ಮಿ ಒಟ್ಟಲು ನೆರೆಹೊರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಒಂದು ಜೋಡಿ ಎತ್ತು, ನಾಲ್ಕೈದು ಜನ ಸೇರಿದರೆ ದಿನಕ್ಕೆ ಸುಮಾರು ಒಂದು ಎಕರೆ.

ನಮ್ಮ ಮಲೆನಾಡಿನ ಕುಮರಿ ಬೇಸಾಯ ಬಲ್ಲವರಿಗೆ ಸುಡುವವರೆಗಿನ ಕತೆ ಹೊಸದಲ್ಲ. ಕುಮರಿಯವನು ಎರಡು ಮೂರು ಬೆಳೆ ತೆಗೆದು ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದ, ಇಲ್ಲಿಯವನು ಅದೇ ತುಂಡಿನ ಮೇಲೆ ತಲೆಮಾರು ಕಳೆಯಬೇಕಿತ್ತು. ಬೂದಿಯಿಂದ ಬಂದ ಸಾರ ಮೂರ್ನಾಲ್ಕು ವರ್ಷದಲ್ಲಿ ಮುಗಿದ ಮೇಲೆ ಕಷ್ಟ ಶುರುವಾಗುತ್ತಿತ್ತು.

ಮೊದಲ ವರ್ಷ ಬುಡಗಳ ನಡುವೆ ಗುದ್ದಲಿಯಿಂದ ಮಣ್ಣು ಕೆದಕಿ ಆಲೂಗಡ್ಡೆ. ಬೇರು ತುಂಬಿದ ನೆಲದಲ್ಲಿ ನೇಗಿಲು ನಡೆಯದು. ಬದಲಿಗೆ ಮರದ ಮೂರು ತೊಲೆಗಳನ್ನು ತ್ರಿಕೋನವಾಗಿ ಜೋಡಿಸಿ ಕಬ್ಬಿಣದ ಹಲ್ಲು ಹೊಡೆದ ಕುಂಟೆ. ತ್ರಿಕೋನದ ಮೂತಿ ಬುಡಕ್ಕೆ ಬಡಿದರೆ ಪಕ್ಕಕ್ಕೆ ಜಾರಿ ಮುಂದೆ ಹೋಗುತ್ತದೆ, ಚೌಕ ಕುಂಟೆಯಾದರೆ ಸಿಕ್ಕಿ ಮುರಿಯುತ್ತದೆ. ಎರಡನೆಯ ವರ್ಷ ಓಟ್ಸ್, ಎಕರೆಗೆ ಎರಡರಿಂದ ಎರಡೂವರೆ ಬುಷೆಲ್ ಬೀಜ. ಕೆನಡಾದಲ್ಲಿ ಓಟ್ಸ್ ಬುಷೆಲ್ಲಿಗೆ 34 ಪೌಂಡ್ ತೂಕ, ಅಂದರೆ 15 ಕೆಜಿ ಮೇಲೆ ಸ್ವಲ್ಪ. ಗೋಧಿ ಬಿಟ್ಟು ಓಟ್ಸ್ ಯಾಕೆಂದರೆ ಅದು ಹುಳಿಮಣ್ಣು, ತಂಪು, ಮೋಡ ಎಲ್ಲವನ್ನೂ ತಾಳುತ್ತದೆ, ಮೂರು ತಿಂಗಳು ಚಿಲ್ಲರೆಯಲ್ಲಿ ಕಟಾವಿಗೆ ಬರುತ್ತದೆ. ಈ ಎತ್ತರದಲ್ಲಿ ಜೂನ್ ಮೊದಲ ವಾರದಲ್ಲೂ ಆಗಸ್ಟ್ ಕೊನೆಗೂ ಇಬ್ಬನಿ ಹೆಪ್ಪುಗಟ್ಟುವುದುಂಟು. ಓಟ್ಸ್ ಜೊತೆಗೇ ಟಿಮೊಥಿ ಹುಲ್ಲಿನ ಬೀಜ ಎರಚುತ್ತಿದ್ದರು. ಓಟ್ಸ್ ಕೊಯ್ದ ಮೇಲೆ ಕೂಳೆಯ ನಡುವೆ ಹುಲ್ಲು ಬೇರೂರಿ ಮರುವರ್ಷ ಹುಲ್ಲುಗಾವಲು ಸಿದ್ಧ. ಮೇಪಲ್, ಬೀಚ್ ಬುಡಗಳು ಏಳೆಂಟು ವರ್ಷದಲ್ಲಿ ಕೊಳೆತು ಕೀಳಲು ಬರುತ್ತವೆ. ರಾಳ ತುಂಬಿದ ಪೈನ್ ಬುಡ ಒಂದು ತಲೆಮಾರು ಕಳೆದರೂ ಅಲುಗದು.

ಡೇಕರ್‌ನಿಂದ ಫಾಯ್‌ಮೌಂಟ್‌ವರೆಗಿನ ಮೂವತ್ತು ಕಿ.ಮೀ. ಚಿಲ್ಲರೆಯನ್ನು ನಿಧಾನವಾಗಿ ಕ್ರಮಿಸಬೇಕು. ಎಡಬಲದಲ್ಲಿ ಸೀಡರ್ ಮರದ ಗಳಗಳನ್ನು ಅಂಕುಡೊಂಕಾಗಿ ಒಂದರ ಮೇಲೊಂದು ಪೇರಿಸಿದ ಬೇಲಿಗಳಿವೆ. ಗುಂಡಿ ತೋಡಲಾಗದ ಕಲ್ಲುನೆಲಕ್ಕೆ ಇದಕ್ಕಿಂತ ತಕ್ಕ ಬೇಲಿ ಇಲ್ಲ: ಕಂಬ ಬೇಡ, ಮೊಳೆ ಬೇಡ. ದಿಮ್ಮಿಯ ಕೊಟ್ಟಿಗೆಗಳ ಮೂಲೆ ನೋಡಿ. ಪಾರಿವಾಳದ ಬಾಲದ ಆಕಾರದ ಕಚ್ಚು ಕೆತ್ತಿ ಕೂಡಿಸಿದ್ದಾರೆ, ಕಚ್ಚಿನ ಇಳಿಜಾರು ಹೊರಮುಖವಾಗಿರುವುದರಿಂದ ಮಳೆನೀರು ಒಳಗೆ ನಿಲ್ಲದು. ರಸ್ತೆಯ ಮೇಲ್ಬದಿಯ ಗುಡ್ಡದಲ್ಲಿ ನ್ಯೂಫೌಂಡ್‌ಔಟ್ ಎಂಬ ಊರಿತ್ತು, ಈಗ ಪಾಳು. ಅಲ್ಲಿನ ಕಲ್ಲುಗುಡ್ಡೆಗಳನ್ನು ಕಂಡರೆ ಪ್ರತಿ ವಸಂತದಲ್ಲೂ ಹಿಮ ಕರಗುವಾಗ ನೆಲ ಉಬ್ಬಿ ಹೊಸ ಕಲ್ಲು ಮೇಲೆ ತಳ್ಳುತ್ತಿದ್ದುದು, ಬಿತ್ತನೆಗೆ ಮೊದಲು ಮನೆಮಂದಿಯೆಲ್ಲ ಅದನ್ನು ಆಯುತ್ತಿದ್ದುದು ಅರ್ಥವಾಗುತ್ತದೆ. ಹೊಲ ಖಾಸಗಿ ಆಸ್ತಿ. ಬೇಲಿ ದಾಟಬಾರದು, ರಸ್ತೆಯಿಂದಲೇ ನೋಡಬೇಕು.

ಹುಲ್ಲಿನ ವಿಚಾರ ಬಿಡಿಸಿ ಹೇಳಬೇಕು, ಏಕೆಂದರೆ ಕಾಡಿನೊಳಗಿನ ಮರ ಕಡಿಯುವವರ ಬಿಡಾರದ ಗುಮಾಸ್ತ ಮಾಲು ತಿರಸ್ಕರಿಸುತ್ತಿದ್ದದ್ದು ಇಲ್ಲೇ. ಟಿಮೊಥಿ ಹೂಬಿಡುವ ಹೊತ್ತಿಗೆ, ಜುಲೈ ನಡುವಿನಲ್ಲಿ, ಕೊಯ್ಯಬೇಕು. ಬೀಜ ಕಟ್ಟಲು ಬಿಟ್ಟರೆ ತೂಕ ಹೆಚ್ಚುತ್ತದೆ, ಸತ್ವ ಹೋಗಿ ಕಡ್ಡಿಯಾಗುತ್ತದೆ. ಉದ್ದ ಹಿಡಿಯ ಕುಡುಗೋಲಿನಲ್ಲಿ ನುರಿತವನು ದಿನಕ್ಕೊಂದು ಎಕರೆ ಕೊಯ್ಯಬಲ್ಲ. ಒಂದು ದಿನ ಹರವಿ, ತಿರುವಿ, ಸಂಜೆ ಇಬ್ಬನಿಗೆ ಮೊದಲು ಚಿಕ್ಕ ಗುಪ್ಪೆ ಮಾಡಿ, ಮರುದಿನ ಮತ್ತೆ ಬಿಡಿಸಬೇಕು. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಾಗುವ ತನಕ ಕೊಟ್ಟಿಗೆಗೆ ಏರಿಸಬಾರದು. ಹಸಿ ಇದ್ದರೆ ರಾಶಿಯೊಳಗೆ ಕಾವೇರಿ, ಕೆಲವೇ ವಾರಗಳಲ್ಲಿ ತನ್ನಷ್ಟಕ್ಕೇ ಬೆಂಕಿ ಹತ್ತಿ ಕೊಟ್ಟಿಗೆಯೇ ಹೋಗುತ್ತದೆ. ಬೆಂಕಿ ಹತ್ತದಿದ್ದರೂ ಬೂಷ್ಟು ಹಿಡಿದ ಹುಲ್ಲಿನ ಧೂಳು ಕುದುರೆಯ ಶ್ವಾಸಕ್ಕೆ ಕೂತು ಅದು ಏದುಸಿರು ಬಿಡುತ್ತದೆ; ಅಂಥ ಕುದುರೆ ಮತ್ತೆ ಭಾರ ಎಳೆಯುವುದಿಲ್ಲ. ಹಿಡಿ ಹುಲ್ಲು ತಿರುಚಿ ನೋಡಿ, ಮೂಸಿ, ಕೊಡವಿ ಧೂಳೆದ್ದರೆ ಗುಮಾಸ್ತ ಬೇಡವೆನ್ನುತ್ತಿದ್ದ. ಅಷ್ಟು ದೂರ ಹೇರಿಕೊಂಡು ಬಂದವನು ಸಿಕ್ಕಿದ ಬೆಲೆಗೆ ಕೊಟ್ಟು ಹಿಂದಿರುಗಬೇಕು.

ರಾತ್ರಿ ತಂಗಲು ಈಗನ್‌ವಿಲ್ಲಿಗೆ ಇಳಿಯುವುದು ಅನುಕೂಲ. ಮರದ ವ್ಯಾಪಾರಿ ಜಾನ್ ಈಗನ್ ಹೆಸರಿನ ಈ ಊರು ಬಾನ್‌ಶೇರ್‌ನ ಐದನೆಯ ಧುಮುಕಿನ ಪಕ್ಕದಲ್ಲಿದೆ. ನಾಲ್ಕನೆಯ ಧುಮುಕಿನಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಹೊತ್ತಿದ್ದರೆ ನೋಡಬಹುದು.

ಮೂರನೆಯ ದಿನ: ಬ್ರುಡೆನೆಲ್, ವಿಲ್ನೊ, ಬ್ಯಾರಿಸ್ ಬೇ

ಮತ್ತೆ ಗುಡ್ಡ ಹತ್ತಿ ಫಾಯ್‌ಮೌಂಟ್ ದಾಟಿ ಬ್ರುಡೆನೆಲ್. ಓಪಿಯಾಂಗೊ ರಸ್ತೆಯೂ ಪೀಟರ್‌ಸನ್ ರಸ್ತೆಯೂ ಕೂಡುತ್ತಿದ್ದ ಜಾಗ. ಹೋಟೆಲುಗಳು, ಸಾರಾಯಿ, ಕುದುರೆ ಜೂಜು ಎಂದು ಕಣಿವೆಯಲ್ಲೆಲ್ಲ ಹೆಸರಾಗಿದ್ದ ಊರು ಈಗ ಬಿಡಿಬಿಡಿ ಮನೆಗಳ ಹಳ್ಳಿ. ಮೋಜಿನ ಕತೆಗಳನ್ನು ಎಲ್ಲರೂ ಹೇಳುತ್ತಾರೆ. ಹೋಟೆಲ್ ಯಾಕೆ ಬೇಕಿತ್ತು ಎಂಬುದನ್ನು ನೋಡೋಣ.

ಭಾರದ ಜಾರುಬಂಡಿ ಎಳೆಯುವ ಜೋಡಿ ಕುದುರೆ ದಿನಕ್ಕೆ 20ರಿಂದ 25 ಕಿ.ಮೀ. ನಡೆಯುತ್ತದೆ. ಅಷ್ಟಷ್ಟು ದೂರಕ್ಕೆ ಲಾಯ, ನೀರು, ಮೇವು, ಆಳಿಗೆ ಊಟ ಬೇಕೇಬೇಕು. ರಸ್ತೆಯ ಬದಿಗೆ ಮನೆಯಿದ್ದ ರೈತ ಕೊಟ್ಟಿಗೆ ದೊಡ್ಡದು ಮಾಡಿಕೊಂಡು ತಂಗುದಾಣ ಶುರು ಮಾಡಿದ. ನನ್ನ ಲೆಕ್ಕದಲ್ಲಿ ಈ ದಾರಿಯ ಬೇಸಾಯಗಾರರಲ್ಲಿ ಬುದ್ಧಿವಂತ ಇವನೇ. ತನ್ನ ಹುಲ್ಲನ್ನು ಎಲ್ಲಿಗೂ ಹೊರದೆ ಮನೆಬಾಗಿಲಲ್ಲೇ ಮಾರಿದ. ತಿಂದ ಕುದುರೆಗಳ ಲದ್ದಿ ಅವನ ಕೊಟ್ಟಿಗೆಯಲ್ಲೇ ಉಳಿಯಿತು. ಒಂದು ಟನ್ ಒಣಹುಲ್ಲು ಹೊಲ ಬಿಟ್ಟು ಹೋದರೆ ಹತ್ತು ಕೆಜಿಗೂ ಮೀರಿ ಸಾರಜನಕ, ಅಷ್ಟೇ ಪೊಟಾಸಿಯಂ ಅದರ ಜೊತೆ ಹೋಗುತ್ತದೆ. ವರ್ಷ ವರ್ಷವೂ ಹುಲ್ಲು ಬಿಡಾರಕ್ಕೆ ಹೇರಿದವನ ಹೊಲ ಹತ್ತು ವರ್ಷದಲ್ಲಿ ಬಡವಾಯಿತು, ತಂಗುದಾಣದವನ ಹೊಲ ಹಸಿರಾಗಿಯೇ ಇತ್ತು.

ದೂರದ ಲೆಕ್ಕವೂ ಇಲ್ಲೇ ಮಾಡಬೇಕು. 700 ಕೆಜಿ ತೂಗುವ ಕುದುರೆ ಕಷ್ಟದ ಕೆಲಸದಲ್ಲಿದ್ದಾಗ ದಿನಕ್ಕೆ ಸುಮಾರು 10 ಕೆಜಿ ಹುಲ್ಲು, 8 ಕೆಜಿ ಓಟ್ಸ್ ತಿನ್ನುತ್ತದೆ; ಜೋಡಿಗೆ 36 ಕೆಜಿ. ಜಾರುಬಂಡಿಯ ಮೇಲೆ 1000 ಕೆಜಿ ಮೇವು ಹೇರಿ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಬಿಡಾರ ನಾಲ್ಕು ದಿನದ ದೂರದಲ್ಲಿದ್ದರೆ ಹೋಗಿಬರುವ ಎಂಟು ದಿನಕ್ಕೆ 288 ಕೆಜಿ ನಿಮ್ಮ ಕುದುರೆಗಳೇ ತಿಂದವು. ಎಂಟು ದಿನದ ದೂರವಾದರೆ 576 ಕೆಜಿ, ಮಾರಲು ಉಳಿದದ್ದು ಅರ್ಧಕ್ಕಿಂತ ಕಡಿಮೆ. ಹದಿನಾಲ್ಕು ದಿನದ ದೂರಕ್ಕೆ ಹೊರಟರೆ ಏನೂ ಉಳಿಯದು. ಹಂದಿಮಾಂಸ, ಹಿಟ್ಟು, ಚಹಾ ಇಂಥವನ್ನು ಎಷ್ಟು ದೂರದಿಂದಲಾದರೂ ತರಬಹುದು. ಷಾಂಟಿ ಎಂದು ಕರೆಯುತ್ತಿದ್ದ ಈ ಬಿಡಾರಗಳ ಹಂದಿಮಾಂಸದ ಪೀಪಾಯಿಗಳು ಬಹುಪಾಲು ಬಂದದ್ದು ಅಮೆರಿಕದ ಮಧ್ಯಪಶ್ಚಿಮದಿಂದಲೇ. ಮೇವು ಮಾತ್ರ ಹತ್ತಿರದಲ್ಲೇ ಬೆಳೆಯಬೇಕು. ಕಲ್ಲುಗುಡ್ಡದ ಬಡ ಹೊಲಕ್ಕೆ ಬೆಲೆ ಬಂದದ್ದು ಈ ಒಂದೇ ಕಾರಣಕ್ಕೆ. ಕೆಳಗಿನ ಜೇಡಿಮಣ್ಣಿನ ರೈತ ಎಕರೆಗೆ ಎರಡರಷ್ಟು ಬೆಳೆದರೂ ಮೇಲಿನವನ ಬೆಲೆಗೆ ಬಿಡಾರ ಮುಟ್ಟಿಸಲಾರ.

ಸಡಿಲ ಹುಲ್ಲು ಹೇರುವುದೂ ಕಷ್ಟವೇ. ಒಂದು ಟನ್ ಸುಮಾರು 14 ಘನ ಮೀಟರ್ ಜಾಗ ಹಿಡಿಯುತ್ತದೆ. ಕಾಡುದಾರಿಯ ಕೊಂಬೆಗಳಿಗೆ ಸಿಕ್ಕಿ ಅರ್ಧ ದಾರಿಯಲ್ಲೇ ಉದುರುತ್ತದೆ. ಆಮೇಲೆ ಬಂದ ಕುದುರೆ ತಿರುಗಿಸುವ ಅಚ್ಚುಯಂತ್ರ ಅದನ್ನು ಒತ್ತಿ ಪೆಂಡಿ ಕಟ್ಟಿ ಮೂರನೆಯ ಒಂದರಷ್ಟು ಗಾತ್ರಕ್ಕೆ ಇಳಿಸಿತು. ಹಸಿ ಹುಲ್ಲನ್ನು ಅಚ್ಚಿಗೆ ಹಾಕಿದರೆ ಪೆಂಡಿಯ ನಡುಭಾಗ ಕಪ್ಪಾಗಿ ಕೊಳೆಯುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ.

ಕೆರೆ ದಾಟುವಾಗ ಜೋಡಿ ಕುದುರೆ ಮತ್ತು ಹೇರಿಗೆ ಒಂದಡಿ ದಪ್ಪದ ಗಟ್ಟಿ ಮಂಜುಗಡ್ಡೆಯಾದರೂ ಇರಬೇಕು. ಎರಡು ಕೆರೆ ಕೂಡುವ ಇಕ್ಕಟ್ಟಿನಲ್ಲಿ, ತೊರೆ ಬಂದು ಬೀಳುವಲ್ಲಿ ನೀರು ಹರಿಯುತ್ತಿರುವುದರಿಂದ ಗಡ್ಡೆ ತೆಳು. ದಡ ಹಿಡಿದು ಸುತ್ತಿ ಹೋಗುವುದೇ ಸರಿ. ದಪ್ಪ ಹಿಮ ಮೇಲೆ ಕೂತರೆ ಅದರ ಭಾರಕ್ಕೆ ಗಡ್ಡೆ ಕುಗ್ಗಿ ನೀರು ಮೇಲೆ ಬಂದು, ಹಿಮದಡಿ ಕೆಸರಾಗಿ, ಜಾರುಬಂಡಿಯ ಅಡಿಪಟ್ಟಿಗೆ ಹೆಪ್ಪುಗಟ್ಟುತ್ತದೆ. ನಿಂತರೆ ಕಿತ್ತು ತೆಗೆಯಲು ಕೊಡಲಿ ಬೇಕು. ಆದ್ದರಿಂದ ಅಂಥಲ್ಲಿ ಕುದುರೆ ನಿಲ್ಲಿಸುತ್ತಿರಲಿಲ್ಲ.

ಮುಂದೆ ವಿಲ್ನೊ. ಪೋಲೆಂಡಿನ ಕಶೂಬಿ ಜನ 1858ರಿಂದ ಬಂದು ನೆಲೆಸಿದ, ಕೆನಡಾದ ಮೊದಲ ಪೋಲಿಷ್ ವಸತಿ. ತಡವಾಗಿ ಬಂದವರಿಗೆ ರಸ್ತೆಯ ಕೊನೆಯ, ಅತಿ ಕಲ್ಲಿನ ತುಂಡುಗಳು ಸಿಕ್ಕವು. ಊರಿನ ಪಾರಂಪರಿಕ ಉದ್ಯಾನದಲ್ಲಿ ಅವರ ದಿಮ್ಮಿ ಮನೆಗಳಿವೆ. ಪೂರ್ವಕ್ಕೆ ಗೋಲ್ಡನ್ ಲೇಕ್ ದಡದಲ್ಲಿ ಪಿಕ್ವಾಕನಗನ್ ಎಂಬ, ಮೂಲನಿವಾಸಿ ಅಲ್ಗಾಂಕ್ವಿನ್ ಜನರ ಊರಿದೆ. ಈ ಕಣಿವೆಯನ್ನು ಅವರು ಒಪ್ಪಂದ ಮಾಡಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಉಚಿತವಾಗಿ ಹಂಚಿದ ನೂರು ನೂರು ಎಕರೆಗಳೆಲ್ಲ ಅವರ ನೆಲವೇ. ಪ್ರವಾಸಿ ಇದನ್ನು ಮರೆಯಬಾರದು.

ಬ್ಯಾರಿಸ್ ಬೇ ಊರಲ್ಲಿ ರೈಲಿನ ಹಳೆಯ ನಿಲ್ದಾಣ, ಉಗಿಬಂಡಿಗೆ ನೀರೂಡುತ್ತಿದ್ದ ಕೆಂಪು ಮರದ ತೊಟ್ಟಿಗೋಪುರ ಉಳಿದಿವೆ. ಮರದ ದೊರೆ ಜೆ. ಆರ್. ಬೂತ್ 1890ರ ದಶಕದಲ್ಲಿ ಒಟ್ಟಾವಾ, ಆರ್ನ್‌ಪ್ರೈಯರ್, ಪ್ಯಾರಿ ಸೌಂಡ್ ರೈಲುದಾರಿ ಹಾಕಿಸಿದ. ಪಶ್ಚಿಮದ ಬಯಲಿನ ಅಗ್ಗದ ಓಟ್ಸ್ ರೈಲಿನಲ್ಲಿ ಬಂದು ಬಿಡಾರದ ಬಾಗಿಲಿಗೆ ಇಳಿಯತೊಡಗಿತು. ಮೇಲೆ ಮಾಡಿದ ದೂರದ ಲೆಕ್ಕ ಅಂದೇ ಸುಳ್ಳಾಯಿತು.

ನಾಲ್ಕನೆಯ ದಿನ: ಅಲ್ಗಾಂಕ್ವಿನ್ ಉದ್ಯಾನದ ಬಿಡಾರ

ಬ್ಯಾರಿಸ್ ಬೇಯಿಂದ 60ನೇ ಹೆದ್ದಾರಿಯಲ್ಲಿ ಮ್ಯಾಡವಾಸ್ಕಾ, ವಿಟ್ನಿ ದಾಟಿದರೆ 1893ರಲ್ಲಿ ಸ್ಥಾಪನೆಯಾದ ಅಲ್ಗಾಂಕ್ವಿನ್ ಉದ್ಯಾನದ ಪೂರ್ವದ್ವಾರ. ದಿನದ ಪರವಾನಗಿ ಮೊದಲೇ ಕಾದಿರಿಸಬೇಕು, ಎಲೆ ಕೆಂಪಾಗುವ ವಾರಗಳಲ್ಲಿ ಬೇಗ ಮುಗಿಯುತ್ತವೆ. ದ್ವಾರದ ಬಳಿಯೇ ಮರ ಕಡಿತದ ವಸ್ತುಸಂಗ್ರಹಾಲಯ. ಬೇಸಿಗೆಯಿಂದ ಅಕ್ಟೋಬರ್ ನಡುವಿನವರೆಗೆ ತೆರೆದಿರುತ್ತದೆ. 1.3 ಕಿ.ಮೀ. ಕಾಲುದಾರಿಯ ಉದ್ದಕ್ಕೂ ಬಿಡಾರ, ಜಾರುಬಂಡಿ, ಅಣೆಕಟ್ಟು, ಮರದ ಜಾರುಕಾಲುವೆ, 'ಅಲಿಗೇಟರ್' ಎಂಬ ಉಗಿದೋಣಿ. ಅರ್ಧ ದಿನ ಇಲ್ಲಿಗೇ ಇಡಿ.

ಮೊದಲು ಸಿಗುವ ಕ್ಯಾಂಬೂಸ್ ಷಾಂಟಿಯ (ನಡುವೆ ತೆರೆದ ಬೆಂಕಿಕಟ್ಟೆ ಇರುವ ಬಿಡಾರ) ಒಳಗೆ ನಿಂತು ಮೇಲೆ ನೋಡಿ. ಅರೆಹೋಳು ಮಾಡಿ ತೋಡಿದ ದಿಮ್ಮಿಗಳನ್ನು ಒಂದು ಅಂಗಾತ, ಒಂದು ಬೋರಲಾಗಿ ಜೋಡಿಸಿದ ಮಾಡು ಅದು, ನಮ್ಮ ನಾಡಹಂಚಿನ ಕ್ರಮವೇ. ನಡುವೆ ಹತ್ತು ಹನ್ನೆರಡು ಅಡಿ ಚೌಕದ ಮರಳಿನ ಕಟ್ಟೆ, ಅದರ ಮೇಲೆ ಹಗಲಿರುಳು ಬೆಂಕಿ, ನೆತ್ತಿಯಲ್ಲಿ ಹೊಗೆ ಹೋಗಲು ಕಿಂಡಿ. ಐವತ್ತು ಅರವತ್ತು ಜನ ಸುತ್ತಲ ಎರಡಂತಸ್ತಿನ ಮಂಚಗಳಲ್ಲಿ ಮಲಗುತ್ತಿದ್ದರು. ಒಣ ಬೀನ್ಸ್ ಕಾಳನ್ನು ಹಂದಿಕೊಬ್ಬಿನ ಜೊತೆ ಕಬ್ಬಿಣದ ಪಾತ್ರೆಗೆ ಹಾಕಿ, ಮುಚ್ಚಳ ಬಿಗಿದು, ಬಿಸಿ ಮರಳಲ್ಲಿ ಹೂತು ರಾತ್ರಿಯಿಡೀ ಬೇಯಿಸುವುದು, ಬ್ರೆಡ್ಡೂ ಹಾಗೆಯೇ. ಜೊತೆಗೆ ಬಟಾಣಿ ಸಾರು, ಕಾಕಂಬಿ, ಕುದಿಸಿ ಕುದಿಸಿ ಕಪ್ಪಾದ ಚಹಾ. ಹತ್ತಿರದ ರೈತ ಮಾರಬಹುದಾಗಿದ್ದದ್ದು ಬಟಾಣಿ, ಆಲೂಗಡ್ಡೆ, ಟರ್ನಿಪ್, ಚಳಿಗೆ ಕಲ್ಲಾದ ಹಸಿ ದನದ ಮಾಂಸ. ಆಲೂಗಡ್ಡೆಯದೊಂದು ಪೇಚು: ಬುಷೆಲ್ಲಿಗೆ 60 ಪೌಂಡ್ ತೂಕ, ಅದರ ಮುಕ್ಕಾಲು ನೀರು. ದಾರಿಯಲ್ಲಿ ಹೆಪ್ಪುಗಟ್ಟಿದರೆ ಕರಗಿದ ಮೇಲೆ ಮೆತ್ತಗಾಗಿ ಕೊಳೆಯುತ್ತದೆ. ಹಾಗಾಗಿ ಹಿಮಕ್ಕೆ ಮುಂಚೆ ಕೆಟ್ಟ ದಾರಿಯಲ್ಲೇ ಸಾಗಿಸಿ ಬಿಡಾರದ ನೆಲಗುಂಡಿಗೆ ಇಳಿಸಬೇಕು. ಹಿಮದಲ್ಲಿ ಸಾಗಿಸಲೇಬೇಕಾದರೆ ಹುಲ್ಲಿನ ನಡುವೆ ಹುಗಿದು ಒಯ್ಯಬೇಕು.

ಪಕ್ಕದ ಕುದುರೆ ಲಾಯದ ಮುಂದೆ ನಿಂತು ಇನ್ನೊಂದು ಲೆಕ್ಕ. ಇಪ್ಪತ್ತು ಕುದುರೆಗಳ ಬಿಡಾರ, ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ 150 ದಿನ. ಹುಲ್ಲು 30 ಟನ್, ಓಟ್ಸ್ 24 ಟನ್. ಕಲ್ಲುನೆಲದಲ್ಲಿ ಎಕರೆಗೆ ಟನ್ ಮೇಲೆ ಸ್ವಲ್ಪ ಹುಲ್ಲು, ಮೂವತ್ತು ಬುಷೆಲ್ ಓಟ್ಸ್ ಎಂದು ಹಿಡಿದರೆ ಒಂದು ಬಿಡಾರಕ್ಕೆ 25 ಎಕರೆ ಹುಲ್ಲು, 50 ಎಕರೆ ಓಟ್ಸ್ ಬೇಕು. ಹೊಸಬನ ಬಳಿ ಇರುವುದು 12 ಎಕರೆ. ಅದರಲ್ಲಿ ಮನೆಯ ಆಲೂಗಡ್ಡೆ, ಕಾಳು, ದನದ ಮೇವು ಕಳೆದರೆ ಮಾರುವುದಕ್ಕೆ ಆರೇಳು ಎಕರೆಯ ಫಸಲು. ಹತ್ತು ಹನ್ನೆರಡು ಮನೆಗಳ ದುಡಿಮೆ ಒಂದೇ ಬಿಡಾರದ ಲಾಯದಲ್ಲಿ ಕರಗುತ್ತಿತ್ತು. ಮರದ ಕಂಪನಿಗಳು ಕಾಡಿನೊಳಗೆ ತಾವೇ ಡಿಪೋ ಹೊಲಗಳನ್ನು ಮಾಡಿಕೊಂಡದ್ದೂ ಇದಕ್ಕೇ.

ಜನವರಿಯಿಂದ ಮಾರ್ಚ್‌ವರೆಗೆ ದಿಮ್ಮಿ ಸಾಗಣೆಯ ಕಾಲ, ಓಟ್ಸ್ ಬೆಲೆ ಏರುವುದೂ ಆಗಲೇ. ಕೈಯಲ್ಲಿ ಕಾಸಿಲ್ಲದ ರೈತ ಶರತ್ಕಾಲದಲ್ಲೇ ಅಂಗಡಿಯವನ ಸಾಲಕ್ಕೆ ಓಟ್ಸ್ ಒಪ್ಪಿಸುತ್ತಿದ್ದ, ಏರಿದ ಬೆಲೆ ಅಂಗಡಿಗೆ ಸೇರುತ್ತಿತ್ತು. ತಡೆದುಕೊಳ್ಳಬಲ್ಲವನಿಗೆ ಮಾತ್ರ ಲಾಭ. ಅನೇಕರು ತಮ್ಮ ಜೋಡಿ ಕುದುರೆಯೊಡನೆ ತಾವೂ ಬಿಡಾರಕ್ಕೇ ಹೋಗಿ ಚಳಿಗಾಲವಿಡೀ ದುಡಿದರು. ಆಗ ಮನೆ, ದನ, ಸೌದೆ, ಹಿಮ ಎಲ್ಲವೂ ಹೆಂಡತಿ ಮಕ್ಕಳ ಪಾಲಿಗೆ. ವಸಂತದಲ್ಲಿ ಹೊಳೆಯಲ್ಲಿ ದಿಮ್ಮಿ ತೇಲಿಸುವ ಕೆಲಸಕ್ಕೂ ನಿಂತವನ ಬಿತ್ತನೆ ತಡವಾಗಿ, ಆಗಸ್ಟಿನ ಹೆಪ್ಪುಗಟ್ಟುವ ಇಬ್ಬನಿಗೆ ಓಟ್ಸ್ ಸಿಕ್ಕಿಬೀಳುತ್ತಿತ್ತು.

ಇಳಿಜಾರಿನ ದಾರಿಗೆ ಮರಳು ಇಲ್ಲವೇ ಹುಲ್ಲು ಎರಚಿ ಜಾರುಬಂಡಿಯ ವೇಗ ತಡೆಯುತ್ತಿದ್ದರು. ಬೂಷ್ಟು ಹಿಡಿದು ತಿರಸ್ಕೃತವಾದ ಹುಲ್ಲಿಗೆ ಅಲ್ಲೊಂದು ಉಪಯೋಗವಿತ್ತು. ಎರಚುವವನು ಮೈಮರೆತರೆ ದಿಮ್ಮಿಗಳ ಹೇರು ಕುದುರೆಗಳ ಮೇಲೇ ಹಾಯುತ್ತಿತ್ತು.

ಐದನೆಯ ದಿನ: ಓಪಿಯಾಂಗೊ ಸರೋವರ

ಹೆದ್ದಾರಿಯ 46ನೇ ಕಿ.ಮೀ. ಬಳಿ ಉತ್ತರಕ್ಕೆ ತಿರುಗಿ ಆರು ಕಿ.ಮೀ. ಹೋದರೆ ಉದ್ಯಾನದ ಅತಿ ದೊಡ್ಡ ಸರೋವರ. ರಸ್ತೆ ಎಂದೂ ತಲುಪದ ಗುರಿ ಇದು. ದೋಣಿ ಬಾಡಿಗೆಗೆ ಸಿಗುತ್ತದೆ, ಯಂತ್ರದೋಣಿಯಲ್ಲಿ ಬಿಟ್ಟು ಬರುವ ವ್ಯವಸ್ಥೆಯೂ ಇದೆ. ಸರೋವರ ವಿಶಾಲ, ಮಧ್ಯಾಹ್ನದ ಪಶ್ಚಿಮ ಗಾಳಿಗೆ ಅಲೆ ಏಳುತ್ತದೆ; ಹುಟ್ಟು ಹಾಕುವವರು ಬೆಳಗ್ಗೆಯೇ ಹೊರಟು ದಡ ಹಿಡಿದು ಹೋಗಬೇಕು.

ಪೂರ್ವದ ತೋಳಿನಲ್ಲಿ ಡೆನಿಸನ್ ಮನೆತನದ ಹೊಲವಿತ್ತು. ಈಗಿನ ಕಾಂಬರ್‌ಮಿಯರ್ ಊರಿಗೆ ಹಿಂದೆ ಇವರದೇ ಹೆಸರಿತ್ತು, ಡೆನಿಸನ್ಸ್ ಬ್ರಿಜ್ ಎಂದು. ಕ್ಯಾಪ್ಟನ್ ಜಾನ್ ಡೆನಿಸನ್ 1870ರ ದಶಕದಲ್ಲಿ, ಇಳಿವಯಸ್ಸಿನಲ್ಲಿ, ಮಕ್ಕಳೊಂದಿಗೆ ಇಷ್ಟು ಒಳಗೆ ಬಂದು ಕಾಡು ಕಡಿದ. ಮೂರನೆಯ ದಿನದ ಲೆಕ್ಕ ಇಟ್ಟು ನೋಡಿದರೆ ಇದರ ಹಿಂದಿನ ವಿವೇಕ ತಿಳಿಯುತ್ತದೆ: ಬಿಡಾರಗಳು ನೀರಿನಾಚೆಯೇ ಇವೆ, ಹುಲ್ಲು ಹೊರುವ ದೂರ ದಿನಗಳಿಂದ ಗಂಟೆಗಳಿಗೆ ಇಳಿಯುತ್ತದೆ. 1881ರಲ್ಲಿ ಬಲೆಗೆ ಸಿಕ್ಕಿದ್ದ ಕರಡಿಯೊಂದು ಡೆನಿಸನ್‌ನನ್ನು ಕೊಂದಿತು. ಅವನ ಸಮಾಧಿ ಅಲ್ಲೇ ಇದೆ.

ಉದ್ಯಾನದ ಇನ್ನೊಂದು ಬದಿಯಲ್ಲಿ, ರೌಂಡ್ ಲೇಕ್ ಕಡೆಯಿಂದ ಜಲ್ಲಿ ರಸ್ತೆಯಲ್ಲಿ ಹೋದರೆ, ಬಾನ್‌ಶೇರ್ ನದಿಯ ಮೇಲ್ದಂಡೆಯಲ್ಲಿ ಬೇಸಿನ್ ಡಿಪೋ ಸಿಗುತ್ತದೆ. ಕಂಪನಿಯ ಉಗ್ರಾಣ, ಹೊಲ, ಕಮ್ಮಾರಸಾಲೆ ಇದ್ದ ಜಾಗದಲ್ಲಿ ಉಳಿದ ದಿಮ್ಮಿ ಮನೆ ಉದ್ಯಾನದಲ್ಲಿ ನಿಂತಿರುವ ಅತಿ ಹಳೆಯ ಕಟ್ಟಡ, 1890ರ ದಶಕದ್ದು. ಸಮಯವಿದ್ದವರು ಹಿಂದಿರುಗುವಾಗ ಇದನ್ನು ಸೇರಿಸಿಕೊಳ್ಳಬಹುದು. ಎತ್ತರದ ಕಾರು ಇರಲಿ, ಮೊಬೈಲ್ ಸಂಪರ್ಕ ನಂಬಬೇಡಿ.

ಇಂಥ ಜಾಗಗಳಲ್ಲಿ ಹೊಲದ ಗುರುತು ಹಿಡಿಯುವುದು ಹೀಗೆ. ಸುತ್ತಲಿನ ಕಾಡಿಗಿಂತ ಎಳೆಯದಾದ, ಒಂದೇ ವಯಸ್ಸಿನ ಪೈನ್ ಅಥವಾ ಪಾಪ್ಲರ್ ತೋಪು ಕಂಡರೆ ಅದು ಬಿಟ್ಟುಹೋದ ಬಯಲು. ಅಂಚಿನಲ್ಲಿ ಪಾಚಿ ಹಿಡಿದ ಕಲ್ಲಿನ ರಾಶಿ ಇದ್ದರೆ ಉಳುಮೆ ನಡೆದಿತ್ತು. ರಾಶಿಯಿಲ್ಲದ ಬಯಲು ಬರೀ ಹುಲ್ಲುಗಾವಲು. ಲೈಲಾಕ್ ಪೊದೆ, ಸೇಬಿನ ಮರ ಕಾಡಿನ ಸ್ವಂತ ಗಿಡಗಳಲ್ಲ, ಅವುಗಳ ಹತ್ತಿರ ಮನೆಯ ತಳಪಾಯ ಹುಡುಕಿ. ಬೆರಳುದ್ದದ ಒತ್ತಾದ ತೆನೆಯ ಟಿಮೊಥಿ ಯೂರೋಪಿನಿಂದ ತಂದ ಹುಲ್ಲು. ಕಾಡಿನ ನಡುವಣ ಬಯಲಿನಲ್ಲಿ ಅದು ಕಂಡರೆ ಅಲ್ಲಿ ಯಾರೋ ಬೀಜ ಎರಚಿದ್ದರು, ಇಲ್ಲವೇ ಕುದುರೆಗಳಿಗೆ ಹುಲ್ಲು ಬಿಚ್ಚಿ ಹಾಕಿದ್ದರು. ಕಬ್ಬಿಣದ ಲಾಳ, ಕೊಂಡಿ, ಪಾತ್ರೆಯ ಚೂರು ಸಿಕ್ಕರೆ ಅಲ್ಲೇ ಬಿಡಬೇಕು. ಎತ್ತಿಕೊಂಡು ಬರುವುದು ಉದ್ಯಾನದ ಕಾನೂನಿಗೆ ವಿರುದ್ಧ, ಮತ್ತು ಜಾಗ ತಪ್ಪಿದ ವಸ್ತುವಿನಿಂದ ಮುಂದಿನ ಸಂಶೋಧಕರಿಗೆ ಏನೂ ತಿಳಿಯುವುದಿಲ್ಲ.